ನಾಗಲಿಂಗಮ್ಮನವರ ಕತ್ತರಿ, ಕೊಬ್ಬು ಕರಗಿಸುವ ಗುಳಿಗೆ

ನಾಗಲಿಂಗಮ್ಮನವರನ್ನು ನಾನು ಮೊದಲು ನೋಡಿದ್ದು ೨೦೦೩ರ ಜುಲೈ ತಿಂಗಳ ಒಂದು ಶನಿವಾರ. ಕೊಟ್ಟೂರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸಮಾಜ ವಿಷಯದ ಟೀಚರಾಗಿ ಸೇರಿ ಹನ್ನೆರಡು ದಿನವಾಗಿತ್ತು. ಶಾಲೆಗೆ ಉಡುವಂಥ ಸೀರೆ ನನ್ನ ಹತ್ತಿರ ಮೂರಿದ್ದವು, ಹೊಂದುವ ರವಿಕೆ ಒಂದೇ ಇತ್ತು. ಹೊಸಹಳ್ಳಿ ಹತ್ತಿರದ ನಮ್ಮೂರಲ್ಲಿ ಅಪ್ಪ ಕುರಿ ಸಾಕಿಕೊಂಡಿದ್ದ. ನಮ್ಮ ಮನೆತನದಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು. ಕೆಲಸಕ್ಕೆ ಹೋಗುವ ಹೆಂಗಸು ಎಷ್ಟು ಜೊತೆ ಬಟ್ಟೆ ಇಟ್ಟುಕೊಂಡಿರಬೇಕೆಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಅಂದು ಶಾಲೆ ಹನ್ನೊಂದೂವರೆಗೇ ಬಿಟ್ಟಿತ್ತು. ಎರಡು ರವಿಕೆ ತುಂಡು ಚೀಲದಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಹೊಲಿಯುವವರ ಮನೆ ವಿಚಾರಿಸುತ್ತಾ ಹೋದೆ. ಬಾಗಿಲಿಗೆ ಮುಖ ಮಾಡಿದ ಹಳೆಯ ಕರಿ ಮಿಷಿನ್ನು. ಅದರ ಹಿಂದೆ ದಪ್ಪ ಮೈಯ, ನಲವತ್ತರ ಆಸುಪಾಸಿನ ಹೆಂಗಸು ಸಣ್ಣ ಸ್ಟೂಲಿನ ಮೇಲೆ ಕೂತಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಅಲ್ಲಿಗೆ ಕರಿ ದಾರ ಕಟ್ಟಿದ್ದರು. ಕೊರಳಲ್ಲಿ ಟೇಪು, ಅದರ ಪಕ್ಕದಲ್ಲೇ ಲಿಂಗದ ದಾರ.

"ಬರ್ರಿ. ಕೆಳಗ ನೋಡ್ಕೊಂಡು ಕಾಲಿಡ್ರಿ, ಸೂಜಿ ಬಿದ್ದಿರ್ತಾವ" ಅಂದರು.

ಎದ್ದು ಬಂದು ಅಳತೆ ತೆಗೆದರು. ಬಲತೋಳಿಗೆ ಟೇಪು ಸುತ್ತಿದರು, ಎಡತೋಳಿಗೆ ಸುತ್ತಿದರು, ಮತ್ತೊಮ್ಮೆ ಬಲಕ್ಕೆ ಬಂದರು. "ಬಲಗೈ ಅರ್ಧ ಇಂಚು ಜಾಸ್ತಿ ಐತಿ. ಊರಾಗ ಬಾವಿ ನೀರು ಸೇದ್ತಿದ್ರೇನ್ರಿ?"

ಹೌದೆಂದೆ. ಪಿಯುಸಿ ಮುಗಿಯುವ ತನಕ ಕುರಿಗಳಿಗೆ ನೀರು ಸೇದಿದವಳು ನಾನೇ.

"ಹಂಗಾದ್ರ ಎರಡೂ ತೋಳು ಒಂದ ಅಳತಿ ಇಟ್ರ ನಡಿಯಂಗಿಲ್ಲ."

ಮುಂದಿನ ವಾರ ಆ ರವಿಕೆ ಹಾಕಿಕೊಂಡಾಗ ಬಲತೋಳು ಬಿಗಿಯಲಿಲ್ಲ. ಅಲ್ಲಿಯವರೆಗೆ ನಾನು ಹಾಕಿದ ಎಲ್ಲ ರವಿಕೆಗಳೂ ಬಿಗಿಯುತ್ತಿದ್ದವು. ಅದು ಹೊಲಿಗೆಯ ತಪ್ಪು ಅಂತ ನನಗೆ ಗೊತ್ತೇ ಇರಲಿಲ್ಲ.

ದಸರೆಯ ಹೊತ್ತಿಗೆ ಅದೇ ಓಣಿಯಲ್ಲಿ ನನಗೊಂದು ಬಾಡಿಗೆ ಕೋಣೆ ಸಿಕ್ಕಿತು. ಶಾಲೆ ಬಿಟ್ಟ ಮೇಲೆ ಅವರ ಪಡಸಾಲೆಯಲ್ಲಿ ಕೂರುವುದು ರೂಢಿಯಾಯಿತು. ಅವರ ಕೆಲಸಕ್ಕೊಂದು ಕ್ರಮವಿತ್ತು. ಸೋಮವಾರ ಅವರಿಗೆ ಒಪ್ಪತ್ತು. ಸಂಜೆ ಸ್ನಾನ, ಲಿಂಗಪೂಜೆ ಮುಗಿಸಿಯೇ ಊಟ. ಮಧ್ಯಾಹ್ನ ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಉಳಿದಂತೆ ಬರೀ ಚಹಾ. ಅಂದು ರೊಟ್ಟಿ ಬಡಿಯುವ ಕೆಲಸವಿಲ್ಲದ್ದರಿಂದ ಇಡೀ ದಿನ ಕೈ ಬಿಡುವಾಗಿರುತ್ತಿತ್ತು. ಹಾಗಾಗಿ ವಾರದ ಕಟಿಂಗ್ ಎಲ್ಲಾ ಸೋಮವಾರವೇ. ಚಾಪೆ ಮೇಲೆ ಬಟ್ಟೆ ಹಾಸಿ, ಸ್ಕೇಲು ಮುಟ್ಟದೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನಾನು ಕರಿಹಲಗೆ ಮೇಲೆ ಎಳೆಯುವ ಗೆರೆ ಅಷ್ಟು ನೆಟ್ಟಗೆ ಬರುತ್ತಿರಲಿಲ್ಲ. ಮಂಗಳವಾರದಿಂದ ಮಿಷಿನ್ನು ತುಳಿಯುವುದು.

ತುಳಿಯುವುದೇ ಕಷ್ಟವಾದದ್ದು ಮರುವರ್ಷ ಸಂಕ್ರಾಂತಿ ಕಳೆದ ಮೇಲೆ. ಬಲ ಮೊಣಕಾಲು ಬಾತುಕೊಂಡಿತು. ಡಾಕ್ಟರು ನೋಡಿ, "ಹತ್ತು ಕೆಜಿ ಇಳಿಸ್ರಿ. ಇಲ್ಲಾಂದ್ರ ಪೆಡಲ್ ಬಿಡ್ರಿ" ಅಂದರಂತೆ. ಮಿಷಿನ್ನಿಗೆ ಮೋಟಾರ್ ಹಾಕಿಸೋಣವೆಂದರೆ ಹಗಲಲ್ಲಿ ಕರೆಂಟು ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು. ಅವರ ಗಂಡ ಉಜ್ಜಿನಪ್ಪನವರು ದುಡಿಯುತ್ತಿದ್ದ ಶೇಂಗಾ ಎಣ್ಣೆ ಮಿಲ್ಲು ವರ್ಷದಲ್ಲಿ ನಾಲ್ಕು ತಿಂಗಳು ನಡೆದರೆ ಹೆಚ್ಚು. ಮನೆ ನಡೆಯುತ್ತಿದ್ದದ್ದು ಈ ಮಿಷಿನ್ನಿನಿಂದ.

"ಕಾಲು ಕೂತ್ರ ಮಿಷಿನ್ ಕೂತಂಗ. ಮಿಷಿನ್ ಕೂತ್ರ ಎಲ್ಲಾರೂ ಕೂತಂಗ" ಅಂದರು ನಾಗಲಿಂಗಮ್ಮ. ಆಮೇಲೆ ಟೇಪು ಸುತ್ತಿಕೊಳ್ಳುತ್ತಾ, "ಊರಮಂದಿ ಸೊಂಟದ ಅಳತಿ ನನ್ನ ಹತ್ರ ಐತಿ, ನನ್ನ ತೂಕ ನನಗ ಗೊತ್ತಿಲ್ಲ ನೋಡ್ರಿ" ಅಂದರು.

ತೂಕ ನೋಡಲು ಹೋಗಿದ್ದು ಮೆಕ್ಕೆಜೋಳದ ಮಂಡಿಗೆ, ಚೀಲ ತೂಗುವ ಕಾಟಾದ ಹತ್ತಿರ. ಜೊತೆಗೆ ನಾನೂ ಇದ್ದೆ. ಹಮಾಲಿ ದೊಡ್ಡಬೀರಪ್ಪ ಕಲ್ಲುಗಳನ್ನು ಇಟ್ಟು, ತೆಗೆದು, ಮುಳ್ಳು ನಿಲ್ಲಿಸಿ, "ಎಂಬತ್ನಾಲ್ಕು" ಅಂದ. "ಅಕ್ಕಾ, ಚೀಲಕ್ಕ ಒಂದು ಕೆಜಿ ಕಡಿತ ಹಿಡಿತೀವಿ. ನಿನಗೂ ಹಿಡೀಲೇನು?"

"ಹತ್ತು ಕೆಜಿ ಹಿಡಿಯಪಾ, ಪುಣ್ಯ ಬರ್ತೈತಿ."

ಇದಾದ ವಾರಕ್ಕೇ ಪ್ರವೀಣಕುಮಾರ್ ಹರಪನಹಳ್ಳಿಯಿಂದ ಬಂದ. ನಾಗಲಿಂಗಮ್ಮನವರ ಅಣ್ಣನ ಮಗ. ಯಾವುದೋ ಕಂಪನಿ ಸೇರಿ, ಟೈ ಕಟ್ಟಿಕೊಂಡು ಊರೂರಿಗೆ ಹೋಗಿ ಕೊಬ್ಬು ಕರಗಿಸುವ ಗುಳಿಗೆ ಮಾರುತ್ತಿದ್ದ. ಚೀಲದಲ್ಲಿ ಫೋಟೋಗಳಿದ್ದವು. ಒಂದರಲ್ಲಿ ದಪ್ಪ ಹೆಂಗಸು, ಪಕ್ಕದಲ್ಲಿ ಅದೇ ಹೆಂಗಸು ತೆಳ್ಳಗೆ.

"ಅತ್ತೆ, ಊಟ ಬಿಡಂಗಿಲ್ಲ, ಓಡಂಗಿಲ್ಲ. ದಿನಕ್ಕೆ ಎರಡು ಗುಳಿಗೆ. ಕೊಬ್ಬು ತಂತಾನೇ ಸುಟ್ಟು ಹೋಗುತ್ತೆ."

ಉಜ್ಜಿನಪ್ಪನವರು ಕಟ್ಟೆ ಮೇಲೆ ಕೂತಲ್ಲಿಂದಲೇ, "ಇಕಿ ತೆಳ್ಳಗ ಆಗ್ತಾಳೋ ಇಲ್ಲೋ, ನೀನು ಮಾತ್ರ ಹೋದ ವರ್ಷಕ್ಕಿಂತ ದಪ್ಪ ಆಗೀಯಲ್ಲಪಾ" ಅಂದರು.

"ನಾನು ತಗಳ್ಳಲ್ಲ ಮಾವ, ಮಾರ್ತೀನಿ ಅಷ್ಟೆ."

ಎಲ್ಲರೂ ನಕ್ಕರು. ನಾಗಲಿಂಗಮ್ಮ ನಗುತ್ತಲೇ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. "ಟೀಚರ್ರ, ಇಂಗ್ಲಿಷ್‌ನಾಗ ಬರದಾರ. ಏನೈತಿ ಓದ್ರಿ."

ಮೇಲೆ ದಪ್ಪ ಅಕ್ಷರದಲ್ಲಿದ್ದದ್ದು ನನಗೆ ತಿಳಿಯಿತು. ನೈಸರ್ಗಿಕ ಅಂತಿತ್ತು, ಗಿಡಮೂಲಿಕೆ ಅಂತಿತ್ತು. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಹತ್ತು ಹನ್ನೆರಡು ಸಾಲಿದ್ದವು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಆ ಸಾಲುಗಳಲ್ಲಿ ಅರ್ಧದಷ್ಟು ಶಬ್ದ ನಾನು ಎಲ್ಲೂ ನೋಡಿದವಲ್ಲ. ತಿಳಿಯುವುದಿಲ್ಲ ಎನ್ನಲು ನಾಚಿಕೆಯಾಯಿತು. "ಗಿಡಮೂಲಿಕಿದ ಅದಾವಂತ, ಏನೂ ತೊಂದ್ರಿ ಇಲ್ಲಂತ" ಎಂದು ಡಬ್ಬಿ ವಾಪಸ್ ಕೊಟ್ಟೆ.

ಮೊದಲ ಎರಡು ವಾರ ನಾಗಲಿಂಗಮ್ಮ ಬಹಳ ಚುರುಕಾಗಿದ್ದರು. ದಿನಕ್ಕೊಂದು ರವಿಕೆ ಹೆಚ್ಚಿಗೆ ಹೊಲಿದರು. ಹಸಿವು ಕಡಿಮೆಯಾಗಿದೆ, ಮೈ ಹಗುರಾಗಿದೆ ಎಂದರು. ಕಾಟಾದ ಮೇಲೆ ಎಂಬತ್ತೆರಡು ಬಂತು. ನಿದ್ದೆ ಸರಿಯಾಗಿ ಹತ್ತುವುದಿಲ್ಲ ಎಂದಾಗ, ಲಗ್ನದ ಹೊಲಿಗೆ ಜಾಸ್ತಿಯಾಗಿರಬೇಕು ಎಂದುಕೊಂಡೆವು.

ಮಾರ್ಚ್ ತಿಂಗಳ ಒಂದು ಸೋಮವಾರ ಸಂಜೆ ನಾಲ್ಕೂವರೆಗೆ ನಾನು ಹೋದಾಗ ಅವರು ಚಾಪೆ ಮೇಲೆ ಸುಮ್ಮನೆ ಕೂತಿದ್ದರು. ಮುಂದೆ ಕೆಂಪು ರೇಷ್ಮೆ ತುಂಡು. ಬಸ್‌ಸ್ಟ್ಯಾಂಡಿನಲ್ಲಿ ಹಡಗಲಿ ಮಲ್ಲಿಗೆ ಮಾರುವ ಪಕ್ಕೀರಮ್ಮ ಮಗಳ ಲಗ್ನಕ್ಕೆಂದು ಕೊಟ್ಟದ್ದು. ಸೀರೆಯ ಜೊತೆಗೇ ನೇಯ್ದು ಬಂದ ತುಂಡು, ಅಂಥದ್ದು ಅಂಗಡಿಯಲ್ಲಿ ಬೇರೆ ಸಿಗುವುದಿಲ್ಲ. ಬೆನ್ನಿನ ಭಾಗದ ಕೊರಳು ಕತ್ತರಿಸುವಾಗ ಕತ್ತರಿ ಭುಜದೊಳಗೆ ಒಂದೂವರೆ ಇಂಚು ಹೋಗಿತ್ತು. ಪಕ್ಕದಲ್ಲಿ ಅವರು ಎಳೆದ ಸುಣ್ಣದ ಗೆರೆ ಇತ್ತು. ಅದು ಮಗು ಗೀಚಿದ ಹಾಗಿತ್ತು.

"ಎಷ್ಟನೇ ಛಾ ಅದು?" ಒಳಗಿನಿಂದ ಉಜ್ಜಿನಪ್ಪನವರು ಕೇಳಿದರು.

"ಐದೋ ಆರೋ" ಅಂದರು ಅವರು. ಲೋಟ ಎತ್ತಿದರು, ಚಹಾ ತುಳುಕಿ ಚಾಪೆ ಮೇಲೆ ಬಿತ್ತು. ಎರಡೂ ಕೈ ನಡುಗುತ್ತಿದ್ದವು.

"ಯಾವಾಗಿಂದ ಹಿಂಗ ನಾಗಲಿಂಗಕ್ಕಾ?"

"ಮೂರು ವಾರ ಆತ್ರಿ. ಬ್ಯಾರೆ ದಿನ ಸ್ವಲ್ಪ, ಸೋಮವಾರ ಜಾಸ್ತಿ. ಎದಿ ಢವಢವ ಅಂತೈತಿ." ಲೋಟ ಕೆಳಗಿಟ್ಟು ಹೇಳಿದರು, "ತಪ್ಪು ನಂದ ಐತಿ. ಒಪ್ಪತ್ತಿನ ದಿನ ಪೂಜಿಗೆ ಮೊದಲ ಗುಳಿಗಿ ನುಂಗ್ತೀನಿ. ವ್ರತ ಕೆಟ್ಟಂಗ ಆತಲ್ಲ. ಅದಕ್ಕ ಹಣ್ಣು, ಹಾಲೂ ಬಿಟ್ಟೀನಿ. ಆದ್ರೂ ಸ್ವಾಮಿ ಸಿಟ್ಟು ಇಳಿದಿಲ್ಲ."

ಅಂದರೆ ಸೋಮವಾರ ಬೆಳಗಿನಿಂದ ಸಂಜೆಯವರೆಗೆ ಅವರ ಹೊಟ್ಟೆಗೆ ಬೀಳುತ್ತಿದ್ದದ್ದು ಎರಡು ಗುಳಿಗೆ, ಐದಾರು ಲೋಟ ಚಹಾ. ಬೇರೇನೂ ಇಲ್ಲ.

ಡಬ್ಬಿಯನ್ನು ಕೇಳಿ ಕೋಣೆಗೆ ತಂದೆ. ಬಿ.ಎಡ್. ಓದುವಾಗ ಕೊಂಡ ಡಿಕ್ಷನರಿ ತೆಗೆದು, ಸಣ್ಣ ಅಕ್ಷರದ ಸಾಲುಗಳನ್ನು ಒಂದೊಂದೇ ಶಬ್ದ ಹುಡುಕಿ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದೆ. ಮುಕ್ಕಾಲು ಗಂಟೆ ಹಿಡಿಯಿತು. ಗುಳಿಗೆಯಲ್ಲಿ ಕೆಫೀನ್ ಇತ್ತು, ಚಹಾ ಕಾಫಿಯಲ್ಲಿರುವಂಥದ್ದೇ, ಆದರೆ ಒಂದು ಲೋಟದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಚಹಾ ಕಾಫಿಯ ಜೊತೆ ತೆಗೆದುಕೊಳ್ಳಬಾರದು, ಖಾಲಿ ಹೊಟ್ಟೆಯಲ್ಲಿ ಬೇಡ, ಎದೆ ಬಡಿತ ಹೆಚ್ಚಾದರೆ ಕೂಡಲೇ ನಿಲ್ಲಿಸಬೇಕು ಎಂದಿತ್ತು. ಎಲ್ಲವನ್ನೂ ಡಬ್ಬಿಯ ಮೇಲೇ ಬರೆದಿದ್ದರು.

ಹೋಗಿ ಓದಿ ಹೇಳಿದೆ. "ಅವತ್ತು ನಾನು ದೊಡ್ಡ ಅಕ್ಷರ ಅಷ್ಟ ಓದಿದ್ದೆ. ಉಳಿದದ್ದು ನನಗ ತಿಳಿಲಿಲ್ಲ. ತಿಳಿಲಿಲ್ಲ ಅಂತ ಹೇಳಲಿಲ್ಲ."

"ನಾನೂ ನಿಮ್ಮ ಇಸ್ತ್ರಿ ಸೀರಿ ನೋಡಿ ಎಲ್ಲಾ ಬರ್ತೈತಿ ಅನ್ಕೊಂಡೆ ಬಿಡ್ರಿ" ಅಂದರು. ಆಮೇಲೆ ಒಳಗೆ ಹೋಗಿ, ಪೂಜೆಗೆ ಕಾಯದೆ, ಬಾಳೆಹಣ್ಣು ಸುಲಿದು ತಿಂದರು.

ಮರುದಿನ ಡಾಕ್ಟರು ನಾಡಿ ನೋಡಿ, ಬಿ.ಪಿ. ನೋಡಿ, ಇನ್ನೊಂದು ಗುಳಿಗೆಯನ್ನೂ ಮುಟ್ಟಕೂಡದೆಂದರು. ಪಕ್ಕೀರಮ್ಮನನ್ನು ನಾಗಲಿಂಗಮ್ಮನವರೇ ಕರೆಸಿ ತುಂಡನ್ನು ಬಿಚ್ಚಿ ತೋರಿಸಿದರು. "ಕೈ ತಪ್ಪೇತಿ. ತೋಳಿನಾಗ ಉಳಿದ ಬಟ್ಟಿ ತಗದು ಭುಜಕ್ಕ ಜೋಡಿಸ್ತೀನಿ. ಜೋಡಿಸಿದ್ದು ಕಾಣ್ತೈತಿ, ಕಾಣಂಗಿಲ್ಲ ಅಂತ ಸುಳ್ಳು ಹೇಳಂಗಿಲ್ಲ."

ಪಕ್ಕೀರಮ್ಮ ತುಂಡನ್ನು ಹಿಂದೆ ಮುಂದೆ ತಿರುಗಿಸಿದಳು. "ಎಡ ಭುಜನೋ ಬಲ ಭುಜನೋ?"

"ಎಡ."

"ಸೆರಗಿನ ಕೆಳಗ ಹೋಗ್ತೈತಿ ಬಿಡಕ್ಕ. ಬಲ ಆಗಿದ್ರ ಜಗಳ ಮಾಡ್ತಿದ್ದೆ."

ತಿಂಗಳ ಕೊನೆಗೆ ಪ್ರವೀಣ ಎರಡನೇ ಡಬ್ಬಿ ತಂದ. ನಾಗಲಿಂಗಮ್ಮ ಅದನ್ನು ಮುಟ್ಟಲಿಲ್ಲ.

"ಅತ್ತೆ, ಮೂರು ತಿಂಗಳ ಕೋರ್ಸು ಇದು. ನಡುವೆ ಬಿಟ್ರೆ ಇಳಿದಿದ್ದೆಲ್ಲ ವಾಪಸ್ ಬರುತ್ತೆ."

"ಬರ್ಲಿ. ಕೈ ನಡುಗ್ತೈತಿ ಅಂತ ನಿನಗ ಗೊತ್ತಿತ್ತೇನು?"

"ಶುರುವಿನಾಗೆ ಎಲ್ರಿಗೂ ಹಂಗಾಗುತ್ತೆ."

"ಹಂಗಾದ್ರ ಶುರುವಿನಾಗ ಹೇಳಬೇಕಿತ್ತಪಾ. ನಾನು ದೇವರ ಮ್ಯಾಲ ಹಾಕಿ ಕುಂತಿದ್ದೆ."

ಅವನು ಊಟ ಮಾಡಿಕೊಂಡೇ ಹೋದ. ಡಬ್ಬಿಯನ್ನು ವಾಪಸ್ ಒಯ್ದ.

ಕೈ ನಡುಗುವುದು ಎಂಟು ದಿನದಲ್ಲಿ ನಿಂತಿತು. ಇಳಿದ ಎರಡು ಕೆಜಿ ಏಪ್ರಿಲ್ ಮುಗಿಯುವುದರೊಳಗೆ ವಾಪಸ್ ಬಂತು. ಮೊಣಕಾಲು ಹಾಗೆಯೇ ಇತ್ತು. ಆ ಬೇಸಿಗೆಯಲ್ಲಿ ನಾಗಲಿಂಗಮ್ಮ ಯಾರನ್ನೂ ಕೇಳದೆ ಒಂದು ತೀರ್ಮಾನ ಮಾಡಿದರು. ಹೊಲಿಗೆ ಕಲಿತು ಮನೆಯಲ್ಲಿದ್ದ ಎದುರುಮನೆಯ ಸುಕನ್ಯಾಳನ್ನು ಕರೆದು ಮಿಷಿನ್ನಿನ ಮುಂದೆ ಕೂರಿಸಿದರು. "ನೀನು ತುಳಿ, ನಾನು ಕತ್ತರಸ್ತೀನಿ. ಬಂದದ್ರಾಗ ಸಮಸಮ" ಅಂದರು.

ಆಮೇಲೆ ನನ್ನ ಕಡೆ ತಿರುಗಿ, "ತುಳಿಯೋರು ಈ ಊರಾಗ ಬೇಕಾದಷ್ಟು ಮಂದಿ ಅದಾರ. ಒಂದು ತೋಳು ದಪ್ಪ, ಒಂದು ಸಣ್ಣ ಇದ್ದೋರಿಗೆ ಕತ್ತರಿಸೋರು ಎಷ್ಟು ಮಂದಿ ಅದಾರ ಹೇಳ್ರಿ" ಅಂದರು. ಬಲಗೈ ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದು ನೋಡಿಕೊಂಡರು. ಅದು ನೆಟ್ಟಗಿತ್ತು.

ಉಜ್ಜಿನಪ್ಪನವರು ಮಿಲ್ಲಿನ ಹಳೆಯ ಹಲಗೆಗಳಿಂದ ಎದೆಯೆತ್ತರದ ಮೇಜು ಮಾಡಿಕೊಟ್ಟರು. "ಇಷ್ಟು ಎತ್ತರ ಯಾಕ್ರಿ ಮಾರಾಯ್ರ, ನಾನೇನು ಭಾಷಣ ಮಾಡ್ಬೇಕೇನು?" ಎಂದು ಹೆಂಡತಿಯಿಂದ ಬೈಸಿಕೊಂಡು ಮೇಜಿನ ಕಾಲುಗಳನ್ನು ಅರ್ಧ ಅಡಿ ಕುಯ್ದರು. ಬಗ್ಗುವುದು ತಪ್ಪಿದ ಮೇಲೆ ಮೊಣಕಾಲಿನ ಬಾವು ನಿಧಾನವಾಗಿ ಇಳಿಯಿತು, ಪೂರ್ತಿ ಹೋಗಲಿಲ್ಲ.

ಇದನ್ನು ಬರೆಯುತ್ತಿರುವುದು ೨೦೦೯ರಲ್ಲಿ. ನಾಗಲಿಂಗಮ್ಮ ಈಗ ಮಿಷಿನ್ನು ತುಳಿಯುವುದಿಲ್ಲ. ಸುಕನ್ಯಾಳಿಗೂ ಕೊಟ್ಟೂರಿನ ಇನ್ನೂ ನಾಲ್ಕು ಟೈಲರುಗಳಿಗೂ ರವಿಕೆ ಕಟಿಂಗ್ ಮಾಡಿಕೊಡುತ್ತಾರೆ. ತೂಕ ಎಂಬತ್ಮೂರು ಕೆಜಿ. ಒಪ್ಪತ್ತು ಬಿಟ್ಟಿಲ್ಲ, ಸೋಮವಾರ ಎರಡೇ ಲೋಟ ಚಹಾ, ಮಧ್ಯಾಹ್ನ ಹಣ್ಣು ಹಾಲು. ಕಟಿಂಗ್ ಈಗಲೂ ಸೋಮವಾರವೇ.