ಕೋಟಿಯ ಕೊನೆಯ ಪುಟ

ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟ ನಾನು, ಮಾಡಬೇಕಾಗಿದ್ದ ಒಂದು ಭಾಗಾಕಾರವನ್ನು ಇಪ್ಪತ್ತೈದು ವರ್ಷ ಮಾಡದೇ ಬಿಟ್ಟಿದ್ದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಅದೂ ಐದನೇ ಕ್ಲಾಸಿನ ಮಕ್ಕಳು ಮಾಡುವಂಥದ್ದು.

ಚಾಮರಾಜಪೇಟೆಯ ಶಾರದತ್ತೆ ನಮ್ಮಪ್ಪನ ತಂಗಿ. ಅವರು ರಾಮಕೋಟಿ ಬರೆಯುವ ಸಂಕಲ್ಪ ಮಾಡಿದಾಗ ಬಳೇಪೇಟೆಯಿಂದ ನೋಟ್‌ಬುಕ್ಕಿನ ಕಟ್ಟು ಹೊತ್ತು ತಂದವನು ನಾನೇ. ಪುಟಕ್ಕೆ ಅಡ್ಡ ಒಂಬತ್ತು, ಉದ್ದ ಹನ್ನೆರಡು, ಒಟ್ಟು ನೂರೆಂಟು ಮನೆಗಳ ಗೆರೆ ಎಳೆದು ತೋರಿಸಿ, "ಮನೆಗೊಂದು ರಾಮ. ಕೋಟಿ ಆಗೋ ಹೊತ್ತಿಗೆ ಕೊನೇ ಪುಟಾನೂ ಸರಿಯಾಗಿ ತುಂಬಿರುತ್ತೆ ಅತ್ತೆ" ಎಂದು ಮೇಷ್ಟರ ಗತ್ತಿನಲ್ಲಿ ಹೇಳಿದ್ದೆ. ಅತ್ತೆ ನಂಬಿದರು. ದಿನಕ್ಕೆ ಹತ್ತು ಪುಟದಂತೆ ಬರೆಯುತ್ತಾ ಹೋದರು. ಪುಟವನ್ನು ಅರ್ಧಕ್ಕೆ ಬಿಡುವುದೆಂದರೆ ಅವರಿಗೆ ಎಲೆಯ ಮುಂದಿನಿಂದ ಅರ್ಧ ಊಟಕ್ಕೆ ಎದ್ದಂತೆ.

ಮೊನ್ನೆ ಮಂಗಳದ ದಿನ, ಅಂದರೆ ಬರೆದು ಮುಗಿಸುವ ದಿನ, ಗೊತ್ತು ಮಾಡೋಣವೆಂದು ಲೆಕ್ಕಕ್ಕೆ ಕೂತೆ. ತೊಂಬತ್ತೆರಡು ಸಾವಿರದ ಐನೂರ ತೊಂಬತ್ತೆರಡು ಪುಟ ತುಂಬಿ, ಮುಂದಿನ ಪುಟದ ಅರವತ್ತನಾಲ್ಕನೇ ಮನೆಗೇ ಕೋಟಿ ಮುಗಿಯುತ್ತದೆ. ನಲವತ್ತನಾಲ್ಕು ಮನೆ ಖಾಲಿ!

ನೂರೆಂಟನ್ನು ಒಡೆದರೆ ಎರಡು ಸಲ ಎರಡು, ಮೂರು ಸಲ ಮೂರು. ಕೋಟಿಯನ್ನು ಒಡೆದರೆ ಏಳು ಸಲ ಎರಡು, ಏಳು ಸಲ ಐದು, ಅಷ್ಟೇ. ಅಷ್ಟು ದೊಡ್ಡ ಸಂಖ್ಯೆಯೊಳಗೆ ಹುಡುಕಿದರೂ ಒಂದು ಮೂರು ಸಿಗದು. ಒಂದರ ಮುಂದೆ ಸೊನ್ನೆಗಳನ್ನು ನಕ್ಷತ್ರದವರೆಗೆ ಸಾಲಾಗಿ ಇಟ್ಟರೂ, ಮೂರರಿಂದ ಭಾಗಿಸಿದರೆ ಆ ಒಂದು ಉಳಿದೇ ಉಳಿಯುತ್ತದೆ. ಮಕ್ಕಳಿಗೆ ನೂರು ಸಲ ಹೇಳಿದ ಮಾತೇ. ಆದರೆ ಮೈ ಜುಮ್ಮೆಂದದ್ದು ಅವತ್ತು. ಇಪ್ಪತ್ತೇಳು ಕೋಟಿ ಬರೆದರೆ ಸರಿಹೋಗುತ್ತದೆ, ಕರಾರುವಾಕ್ಕಾಗಿ ಇಪ್ಪತ್ತೈದು ಲಕ್ಷ ಪುಟ. ಅತ್ತೆಯ ವೇಗಕ್ಕೆ ಆರುನೂರ ಎಂಬತ್ತನಾಲ್ಕು ವರ್ಷ ಬೇಕು.

ಹೇಳದೆ ವಿಧಿಯಿರಲಿಲ್ಲ. ಎಂಬತ್ತೆರಡರ ಅತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಆಗ್ಲೇ ಹೇಳ್ಬಾರ್ದಾಗಿತ್ತೇನೋ? ಕೋಟಿ ದಾಟಿ ಬರೀತೀನಿ ಅಂತ ಸಂಕಲ್ಪದಲ್ಲಿ ನಾನು ಹೇಳ್ಕೊಂಡಿಲ್ಲ. ಪುಟ ಅರ್ಧಕ್ಕೆ ಬಿಡೋಕೂ ಮನಸ್ಸು ಬರಲ್ಲ."



ಮಂಗಳದ ಬೆಳಿಗ್ಗೆ ಅತ್ತೆ ಅರವತ್ತನಾಲ್ಕನೆಯದನ್ನು ಬರೆದು, ಪುಸ್ತಕ ಕಣ್ಣಿಗೊತ್ತಿಕೊಂಡು, ಪೆನ್ನನ್ನು ನನ್ನತ್ತ ಚಾಚಿದರು.

"ನನ್ನ ಕೋಟಿ ಆಯ್ತು. ತಪ್ಪು ಮಾಡಿದ್ದು ನೀನು, ಮಿಕ್ಕಿದ್ದು ನೀನೇ ತುಂಬು."

"ನಾನು ಇದನ್ನೆಲ್ಲ ನಂಬೋನಲ್ಲ ಅತ್ತೆ."

"ನಂಬು ಅಂತ ಯಾರಂದ್ರು? ಬರಿ ಅಂದೆ."

ಬರೆಯತೊಡಗಿದೆ. ಹತ್ತನೆಯದಕ್ಕೇ ಬೆರಳು ನೋಯಿತು. ತಲೆಯೆತ್ತಿದರೆ ಗೋಡೆಯುದ್ದಕ್ಕೂ ಸೂರಿನವರೆಗೆ ಪೇರಿಸಿದ ನೋಟ್‌ಬುಕ್ಕುಗಳು. ಕೋಟಿ ಎಂದರೆ ಎಷ್ಟು ಎಂದು ನನಗೆ ಗೊತ್ತಾದದ್ದು ಆಗ. ಅಷ್ಟು ವರ್ಷ ಅದನ್ನು ಬರೀ ಏಳು ಸೊನ್ನೆ ಎಂದು ಹೇಳಿಕೊಟ್ಟಿದ್ದೆ.

ಮತ್ತೆ ಬಗ್ಗಿ ಬರೆದೆ. ಎಷ್ಟಾಯಿತೆಂದು ಎಣಿಸುವುದನ್ನೇ ಮರೆತಿದ್ದೆ. ಪಕ್ಕದಲ್ಲಿ ಕೂತು ಅತ್ತೆ ಎಣಿಸುತ್ತಿದ್ದರು.