ಹಡಗಿಲ್ಲದ ಊರಿನ ರಿಸೀವರ್

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಷಣ್ಮುಖಪ್ಪನಿಗೆ ಆಕಾಶದ ಹುಚ್ಚು ಹಿಡಿದದ್ದು ಎಪ್ಪತ್ತೆಂಟನೇ ಇಸವಿಯ ಸುಮಾರಿಗೆ. ಹಡಗುಗಳಿಗೆ ದಾರಿ ತೋರಿಸಲೆಂದೇ ಉಪಗ್ರಹಗಳು ಸುತ್ತುತ್ತವೆ, ಒಂದೊಂದೂ ಎರಡೆರಡು ಬ್ಯಾಂಡಿನಲ್ಲಿ ಕೂಗುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ. ಅಷ್ಟೇ ಸಾಕಾಯಿತು! ತಂತಿ ಸುತ್ತಿದ ಕಾಯಿಲ್ ಬದಲಿಸಿದರೆ ಎರಡೂ ಬ್ಯಾಂಡಿಗೆ ಒಗ್ಗುವಂಥ ಒಂದೇ ರಿಸೀವರ್ ಕಟ್ಟುತ್ತೇನೆಂದು ಹೊರಟ.

“ಅಲ್ಲಪ್ಪಾ, ನಮ್ಮೂರ ಕೆರೇಲಿ ತೆಪ್ಪಾನೇ ಇಲ್ಲ. ಹಡಗು ಯಾವೂರಿಂದ ತರ್ತೀಯ?” ಎಂದು ಪಕ್ಕದ ಸೈಕಲ್ ಶಾಪಿನ ತೀರ್ಥಪ್ಪ ನಗುತ್ತಿದ್ದ. ನಗಲಿ ಬಿಡಿ, ಹುಚ್ಚು ಹಿಡಿದವನಿಗೆ ಊರಿನ ನಗು ಯಾವ ಲೆಕ್ಕ? ಆದರೆ ಹೆಂಡತಿ ಪ್ರೇಮಮ್ಮ ನಗಲೂ ಇಲ್ಲ. ಮಕ್ಕಳಿಲ್ಲದ ಮನೆ, ಇರುವ ಒಬ್ಬ ಗಂಡನೂ ಸಂಜೆಯಾದರೆ ಹೆಡ್‌ಫೋನ್ ಹಾಕಿಕೊಂಡು ಹಿತ್ತಿಲ ಕೋಣೆ ಸೇರುತ್ತಿದ್ದ. “ಅದು ನನ್ ಸವತಿ ಕಣ್ರೀ,” ಎನ್ನುತ್ತಿದ್ದಳು. “ಒಂದ್ಸಲ ಕೇಳು ಬಾರೇ,” ಎಂದು ಎಷ್ಟು ಕರೆದರೂ ಹೆಡ್‌ಫೋನ್ ಮುಟ್ಟುತ್ತಿರಲಿಲ್ಲ.

ಮೊದಲ ಬ್ಯಾಂಡ್ ಸಿಕ್ಕಿತು. ಸ್ಟೇಷನ್ ದಾಟುವ ರೈಲಿನ ಸಿಳ್ಳಿನಂತೆ, ಬರುವಾಗ ಏರಿದ್ದ ದನಿ ಹೋಗುವಾಗ ಇಳಿಯುತ್ತಿತ್ತು. ಕೇಳಿದ ಸಂಜೆ ಅವನಿಗೆ ಅಳುವೇ ಬಂತು. ಯಾರಿಗೆ ಹೇಳುವುದು? ಒಬ್ಬನೇ ಕೂತು ಕಣ್ಣೊರೆಸಿಕೊಂಡ.

ಎರಡನೆಯ ಬ್ಯಾಂಡಿಗೆ ತಂತಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ವರ್ಷಗಳೇ ಹೋದವು. ಬರೀ ಮೌನ. ಕೊನೆಗೆ ಹಳೆಯ ಕಾಯಿಲನ್ನೇ ಸಿಕ್ಕಿಸಿ ನೋಡಿದರೆ ಅದೂ ಮೂಕ! ಎಲ್ಲಿ ಬೆಸುಗೆ ಬಿಟ್ಟಿದೆ, ಯಾವ ಟ್ರಾನ್ಸಿಸ್ಟರ್ ಕೈಕೊಟ್ಟಿದೆ ಎಂದು ಸೆಟ್ಟನ್ನೇ ಬಿಚ್ಚಿ ಹರಡಿದ. ಮೆಕ್ಯಾನಿಕ್‌ಗಳ ಬುದ್ಧಿಯೇ ಹಾಗೆ. ಸದ್ದು ನಿಂತರೆ ತಪ್ಪು ಪೆಟ್ಟಿಗೆಯೊಳಗೇ ಇರಬೇಕು. ಅಂಗಡಿಯ ರೇಡಿಯೋ ಬಸ್‌ಸ್ಟ್ಯಾಂಡಿನವರೆಗೂ ಅರಚುತ್ತದೆಂದು ಗಿರಾಕಿಗಳು ಬೈದರೂ, “ಈ ಸ್ಪೀಕರೇ ಮಂದ ಕಣ್ರೀ,” ಎನ್ನುತ್ತಿದ್ದ.

ಮನೆಯಲ್ಲೂ ಅದೇ ಮೌನ. ಪ್ರೇಮಮ್ಮ ಮೊದಲೇ ಮೆಲುದನಿಯವಳು, ಈಗ ಮಾತೇ ಬಿಟ್ಟಳೆಂದುಕೊಂಡ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಸೆಟ್ಟು ಒಮ್ಮೆ ಕೂಗಿಬಿಟ್ಟರೆ ಅವಳನ್ನು ಹೇಗಾದರೂ ಕರೆದು ಕೂರಿಸಿಕೊಳ್ಳುತ್ತೇನೆ, ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಎಂಬತ್ತೈದನೇ ಇಸವಿಯ ಒಂದು ಸಂಜೆ, ಉಪಗ್ರಹ ಬರುವ ಹೊತ್ತಿಗೆ ಅವನು ಮತ್ತೆ ಜೋಡಿಸಿದ ಸೆಟ್ಟು ಹಚ್ಚಿ ಕೂತಿದ್ದಾಗ, ಪ್ರೇಮಮ್ಮ ದಡದಡನೆ ಬಂದವಳೇ ಅವನ ತಲೆಯಿಂದ ಹೆಡ್‌ಫೋನ್ ಕಿತ್ತುಕೊಂಡಳು. ಒಲೆಗೇ ಹಾಕಿಬಿಡುವಷ್ಟು ಸಿಟ್ಟು ಮುಖದಲ್ಲಿತ್ತು. ಎಸೆಯಲೆಂದು ಎತ್ತಿದ ಕೈ ಅವಳದೇ ಕಿವಿಯ ಬಳಿ ನಿಂತಿತು. ಅವಳ ತುಟಿಗಳು ಅಲುಗಿದವು.

“ಏನಂದೆ?”

ಹತ್ತಿರ ಬಂದು ಕೂಗಿದಳು: “ಸಿಳ್ಳು ಹೊಡೀತಾ ಐತಲ್ರೀ! ಇಳೀತಾ ಇಳೀತಾ ಹೋಗ್ತೈತೆ!”

ಷಣ್ಮುಖಪ್ಪ ಕಾಯಿಲ್ ಬದಲಿಸಿದ. “ಈಗ?” ಅವಳು ಹೂಂ ಎಂದು ತಲೆಯಾಡಿಸಿದಳು. ಹೆಡ್‌ಫೋನನ್ನು ತನ್ನ ಕಿವಿಗೆ ಒತ್ತಿ ಹಿಡಿದ. ಏನೂ ಇಲ್ಲ. ಸೆಟ್ಟು ಕೆಟ್ಟೇ ಇರಲಿಲ್ಲ; ಕೆಟ್ಟದ್ದು ತನ್ನ ಕಿವಿ.

ಪ್ರೇಮಮ್ಮನಿಗೂ ಆಗಲೇ ಹೊಳೆಯಿತು. ಅವನ ಭುಜ ಹಿಡಿದು, ಬೀದಿಗೆಲ್ಲ ಕೇಳುವಂತೆ ಕೇಳಿದಳು: “ಹಂಗಾದ್ರೆ ನಾನು ದಿನಾ ಮಾತಾಡಿದ್ದು? ಒಂದೂ ಕೇಳಿಸ್ಲಿಲ್ವೇನ್ರೀ? ಬೇಕಂತ್ಲೇ ಉತ್ತರ ಕೊಡ್ತಿಲ್ಲ ಅಂದ್ಕೊಂಡ್ನಲ್ರೀ, ಅಯ್ಯೋ ಶಿವನೇ!”

“ಇಲ್ಲ ಕಣೇ,” ಎಂದ. “ಏನೇನ್ ಹೇಳ್ದೆ, ಮೊದ್ಲಿಂದ ಹೇಳು.”

ಅವಳು ಬಾಯಿ ತೆರೆದಳು. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಅತ್ತುಬಿಟ್ಟಳು.