ಮೂರು ಊರಿನ ಸೊಪ್ಪು

ಗೆಳೆಯರೇ, ಇವತ್ತು ಸಾಗರದ ಸಂತೆಯಿಂದ ರೊಮೇನ್ ಲೆಟಿಸ್ ತಂದೆ. ಅತ್ತೆ ಎಲೆಯನ್ನು ತಿರುಗಿಸಿ ಮೂಸಿ ನೋಡಿದರು.

"ಎಂತ ಸೊಪ್ಪೇ ಇದು? ಯಾವ ಊರಿಂದು?"

"ಬೆಳೆದಿದ್ದು ಹೊಸನಗರದಲ್ಲಂತೆ. ಹೆಸರು ಬಂದಿದ್ದು ರೋಮ್‌ನಿಂದ. ಕೆಲವರು ಕಾಸ್ ಅಂತಾರಂತೆ, ಅದು ಗ್ರೀಸಿನ ಒಂದು ದ್ವೀಪ."

"ಕೇಳಿದ್ರೆ ಮೂರು ಊರು ಹೇಳ್ತದೆ. ಇದನ್ನ ನಂಬೋದು ಹೆಂಗೆ?"

"ಅಲ್ಲಿಯವರು ಹಸಿಯಾಗೇ ತಿಂತಾರೆ ಅತ್ತೆ."

ಅನುಮಾನ ಇನ್ನೂ ಹೆಚ್ಚಾಯಿತು. ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಕಾಯಿ ಜೀರಿಗೆ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದರು. ಊಟಕ್ಕೆ ಬಂದ ನನ್ನ ಗಂಡನಿಗೆ "ನೀನು ಸ್ವಲ್ಪ ತಡಿ" ಎಂದು ಹೇಳಿ ನನಗೆ ಬಡಿಸಿದರು. ಅರ್ಧ ಗಂಟೆ ನನ್ನ ಮುಖವನ್ನೇ ನೋಡಿ, ಆಮೇಲೆ ಮಗನನ್ನು ಕರೆದರು.

ಮದುವೆಯಾಗಿ ಹದಿನಾರು ವರ್ಷಕ್ಕೆ ಈ ಮನೆಯಲ್ಲಿ ನನಗೆ ಮೊದಲ ಪಂಕ್ತಿಯ ಊಟ ಸಿಕ್ಕಿತು.